ಒಪ್ಪಂದದ ಕೊನೆಯ ವರ್ಷ: ಆಟಗಾರನನ್ನು ಮಾರುವುದೋ, ಉಳಿಸಿಕೊಳ್ಳುವುದೋ?

2025ರ ಸೆಪ್ಟೆಂಬರ್ 1ರ ಸಂಜೆ ಏಳಕ್ಕೆ ಇಂಗ್ಲೆಂಡಿನ ಫುಟ್‌ಬಾಲ್‌ನಲ್ಲಿ ಆಟಗಾರರ ಖರೀದಿ-ಮಾರಾಟದ ಅವಧಿ ಮುಗಿಯುವುದಿತ್ತು. ಕ್ರಿಸ್ಟಲ್ ಪ್ಯಾಲೆಸ್ ತಂಡದ ನಾಯಕ, ಡಿಫೆಂಡರ್ ಮಾರ್ಕ್ ಗೇಹಿ ಅವರನ್ನು ಲಿವರ್‌ಪೂಲ್ ಸುಮಾರು 3.5 ಕೋಟಿ ಪೌಂಡ್‌ಗೆ, ಅಂದರೆ 400 ಕೋಟಿ ರೂಪಾಯಿಗೂ ಮಿಕ್ಕಿದ ಮೊತ್ತಕ್ಕೆ ಕೊಳ್ಳುವ ವ್ಯವಹಾರ ಬಹುತೇಕ ಕುದುರಿತ್ತು. ವೈದ್ಯಕೀಯ ತಪಾಸಣೆಯೂ ಆಗಿತ್ತು. ಅಷ್ಟರಲ್ಲಿ ಗೇಹಿ ಜಾಗಕ್ಕೆ ಪ್ಯಾಲೆಸ್ ಕರೆತರಬೇಕೆಂದಿದ್ದ ಬ್ರೈಟನ್‌ನ ಇಗೋರ್ ಜೂಲಿಯೊ ವೆಸ್ಟ್ ಹ್ಯಾಮ್ ಕಡೆ ಹೊರಳಿದರು. ಬದಲಿ ಆಟಗಾರನಿಲ್ಲದೆ ನಾಯಕನನ್ನು ಬಿಟ್ಟುಕೊಡಲು ಒಪ್ಪದ ಪ್ಯಾಲೆಸ್ ಕೊನೆ ಗಳಿಗೆಯಲ್ಲಿ ಹಿಂದೆ ಸರಿಯಿತು.

ಗೇಹಿ ಅವರ ಒಪ್ಪಂದ 2026ರ ಜೂನ್‌ಗೆ ಮುಗಿಯುತ್ತಿತ್ತು. ಹೊಸ ಒಪ್ಪಂದಕ್ಕೆ ಅವರು ಸಹಿ ಹಾಕಲಿಲ್ಲ. 2026ರ ಜನವರಿಯಲ್ಲಿ ಮ್ಯಾಂಚೆಸ್ಟರ್ ಸಿಟಿ ಅವರನ್ನು ಕೊಂಡಾಗ ಬೆಲೆ ಸುಮಾರು 2 ಕೋಟಿ ಪೌಂಡ್‌ಗೆ ಇಳಿದಿತ್ತು. ಆಟಗಾರನಿಗೆ ದೊಡ್ಡ ಗಾಯವೇನೂ ಆಗಿರಲಿಲ್ಲ, ಆಟವೂ ಕೆಟ್ಟಿರಲಿಲ್ಲ. ಕ್ಯಾಲೆಂಡರಿನಲ್ಲಿ ನಾಲ್ಕೂವರೆ ತಿಂಗಳು ಕಳೆದಿತ್ತು, ಅಷ್ಟೇ.

ಹಾಗಾದರೆ ಪ್ಯಾಲೆಸ್ 1.5 ಕೋಟಿ ಪೌಂಡ್ ಕೈಚೆಲ್ಲಿತು ಎನ್ನಬೇಕೇ? ಇದಕ್ಕೆ ಉತ್ತರ ಹೇಳುವ ಮುಂಚೆ, ಒಬ್ಬ ಆಟಗಾರನನ್ನು ‘ಮಾರುವುದು’ ಎಂದರೆ ನಿಜಕ್ಕೂ ಏನನ್ನು ಮಾರುವುದು ಎಂದು ನೋಡಬೇಕು.

ಮಾರಾಟವಾಗುವುದು ಆಟಗಾರನಲ್ಲ, ಉಳಿದ ಅವಧಿ

ಶ್ರೀನಿವಾಸಪುರದ ಕಡೆ ಮಾವಿನ ತೋಪನ್ನು ವ್ಯಾಪಾರಿಗೆ ಒಂದೆರಡು ಫಸಲಿಗೆ, ಕೆಲವೊಮ್ಮೆ ಅದಕ್ಕಿಂತ ಹೆಚ್ಚಿಗೂ ಗುತ್ತಿಗೆ ಕೊಡುವುದುಂಟು. ಮರ ವ್ಯಾಪಾರಿಯದಾಗುವುದಿಲ್ಲ, ಅಷ್ಟು ಫಸಲಿನ ಹಕ್ಕು ಮಾತ್ರ ಅವನದು. ನಡುವೆ ಇನ್ನೊಬ್ಬ ಬಂದು ತೋಪು ನನಗೆ ಬೇಕು ಎಂದರೆ, ಉಳಿದ ಫಸಲಿಗೆ ಬೆಲೆ ಕಟ್ಟಿಕೊಟ್ಟು ಬಿಡಿಸಿಕೊಳ್ಳಬೇಕು. ಕೊನೆಯ ಕಾಯಿ ಕಿತ್ತಾದ ಮೇಲೆ ಗುತ್ತಿಗೆದಾರನಿಗೆ ಕೇಳಲು ಏನೂ ಉಳಿಯುವುದಿಲ್ಲ.

ಫುಟ್‌ಬಾಲ್ ಕ್ಲಬ್ಬಿಗೂ ಆಟಗಾರನಿಗೂ ಇರುವುದು ಇಂಥದ್ದೇ ಸಂಬಂಧ. ಒಪ್ಪಂದ ಇರುವಷ್ಟು ದಿನ ಆತ ಬೇರೆಡೆ ಆಡುವಂತಿಲ್ಲ. ಇನ್ನೊಂದು ಕ್ಲಬ್ಬಿಗೆ ಅವನು ಬೇಕಾದರೆ ಈಗಿನ ಕ್ಲಬ್ಬಿಗೆ ಹಣ ಕೊಟ್ಟು ಒಪ್ಪಂದದಿಂದ ಬಿಡಿಸಿಕೊಳ್ಳಬೇಕು. ಈ ಹಣಕ್ಕೇ ಟ್ರಾನ್ಸ್‌ಫರ್ ಶುಲ್ಕ ಎನ್ನುತ್ತಾರೆ. ಒಪ್ಪಂದ ಮುಗಿದ ಮರುದಿನ ಶುಲ್ಕದ ಮಾತೇ ಇಲ್ಲ. ಆಟಗಾರ ‘ಫ್ರೀ ಏಜೆಂಟ್’, ಇಷ್ಟಬಂದ ಕಡೆ ಹೋಗಬಹುದು. ತೋಪಿನ ಲೆಕ್ಕಕ್ಕೂ ಇದಕ್ಕೂ ಇರುವ ಒಂದು ದೊಡ್ಡ ವ್ಯತ್ಯಾಸವೆಂದರೆ, ಇಲ್ಲಿ ಮರಕ್ಕೂ ಬಾಯಿದೆ. ಎರಡು ಕ್ಲಬ್ಬುಗಳು ಒಪ್ಪಿದರೂ ಆಟಗಾರ ಒಲ್ಲೆ ಎಂದರೆ ವ್ಯವಹಾರ ಮುರಿಯಿತು.

ಐಪಿಎಲ್ ನೋಡಿ ರೂಢಿಯಾದವರಿಗೆ ಇಲ್ಲಿ ಸ್ವಲ್ಪ ಗೊಂದಲವಾಗುವುದು ಸಹಜ. ಅಲ್ಲಿ ಹರಾಜಿದೆ, ತಂಡಕ್ಕೆ ಒಟ್ಟು ಖರ್ಚಿನ ಮಿತಿಯಿದೆ, 2023ರಲ್ಲಿ ಹಾರ್ದಿಕ್ ಪಾಂಡ್ಯ ಗುಜರಾತ್‌ನಿಂದ ಮುಂಬೈಗೆ ಬಂದಂತೆ ‘ಟ್ರೇಡ್’ ಎಂಬ ವ್ಯವಸ್ಥೆಯೂ ಇದೆ. ಯುರೋಪಿನ ಫುಟ್‌ಬಾಲ್‌ನಲ್ಲಿ ಹರಾಜಿಲ್ಲ, ಆಟಗಾರನಿಗೆ ಆಟಗಾರ ಎಂಬ ಅದಲು-ಬದಲು ಅಪರೂಪ, ಬಹುಪಾಲು ನಗದು ವ್ಯವಹಾರ. ಅದೂ ವರ್ಷಕ್ಕೆ ಎರಡು ಬಾರಿ ಮಾತ್ರ, ಬೇಸಿಗೆಯಲ್ಲಿ ಮತ್ತು ಜನವರಿಯಲ್ಲಿ. ಫಿಫಾ ನಿಯಮದ ಪ್ರಕಾರ ಒಪ್ಪಂದದ ಗರಿಷ್ಠ ಅವಧಿ ಸಾಮಾನ್ಯವಾಗಿ 5 ವರ್ಷ. ದೇಶದ ಕಾನೂನು ಅವಕಾಶ ಕೊಟ್ಟರೆ ಹೆಚ್ಚೂ ಆಗಬಹುದು.

ಬಾಸ್ಮನ್ ಎಂಬ ಬೆಲ್ಜಿಯಂ ಆಟಗಾರ

ಒಪ್ಪಂದ ಮುಗಿದರೆ ಆಟಗಾರ ಸ್ವತಂತ್ರ ಎನ್ನುವುದು ಈಗ ತೀರಾ ಸಹಜವಾಗಿ ಕಾಣುತ್ತದೆ. ಮೂವತ್ತು ವರ್ಷದ ಹಿಂದೆ ಹಾಗಿರಲಿಲ್ಲ.

ಜಾನ್-ಮಾರ್ಕ್ ಬಾಸ್ಮನ್ ಬೆಲ್ಜಿಯಂನ ಆರ್‌ಎಫ್‌ಸಿ ಲಿಯೇಜ್ ತಂಡದ ಆಟಗಾರ. 1990ರ ಜೂನ್‌ನಲ್ಲಿ ಅವರ ಒಪ್ಪಂದ ಮುಗಿಯಿತು. ತಿಂಗಳಿಗೆ ಸರಾಸರಿ 1,20,000 ಬೆಲ್ಜಿಯನ್ ಫ್ರಾಂಕ್ ದುಡಿಯುತ್ತಿದ್ದವರಿಗೆ ಕ್ಲಬ್ ಹೊಸದಾಗಿ ಕೊಡಲು ಬಂದಿದ್ದು 30,000. ಬಾಸ್ಮನ್ ಒಪ್ಪಲಿಲ್ಲ. ಫ್ರಾನ್ಸಿನ ಎರಡನೇ ದರ್ಜೆಯ ಡನ್‌ಕರ್ಕ್ ತಂಡ ಅವರನ್ನು ಕರೆಯಿತು. ಆದರೆ ಅಂದಿನ ನಿಯಮದಲ್ಲಿ ಒಪ್ಪಂದ ಮುಗಿದರೂ ಹಳೆಯ ಕ್ಲಬ್ ಶುಲ್ಕ ಕೇಳಬಹುದಿತ್ತು. ಡನ್‌ಕರ್ಕ್ ಅಷ್ಟು ಹಣ ಕಟ್ಟೀತೇ ಎಂಬ ಅನುಮಾನದಲ್ಲಿ ಲಿಯೇಜ್ ವರ್ಗಾವಣೆ ಪತ್ರವನ್ನೇ ಕಳಿಸಲಿಲ್ಲ. ಕೆಲಸವೂ ಇಲ್ಲ, ಬೇರೆಡೆ ಹೋಗುವ ದಾರಿಯೂ ಇಲ್ಲ. ಬಾಸ್ಮನ್ ಕೋರ್ಟಿಗೆ ಹೋದರು. 1995ರ ಡಿಸೆಂಬರ್ 15ರಂದು ಯುರೋಪಿನ ನ್ಯಾಯಾಲಯ ಅವರ ಪರ ತೀರ್ಪು ಕೊಟ್ಟಿತು. ಒಪ್ಪಂದ ಮುಗಿದ ಆಟಗಾರ ಯುರೋಪಿಯನ್ ಒಕ್ಕೂಟದ ಇನ್ನೊಂದು ದೇಶದ ಕ್ಲಬ್ಬಿಗೆ ಹೋಗುವಾಗ ಹಳೆಯ ಕ್ಲಬ್ ಹಣ ಕೇಳುವಂತಿಲ್ಲ ಎಂದಿತು.

ಮಾರಬೇಕೇ ಬೇಡವೇ ಎಂಬ ಇಂದಿನ ತಲೆನೋವು ಹುಟ್ಟಿದ್ದು ಆ ದಿನ. ಅದಕ್ಕೆ ಮೊದಲು ಒಪ್ಪಂದದ ಕೊನೆಯ ದಿನಾಂಕದ ಬಗ್ಗೆ ಕ್ಲಬ್ಬುಗಳು ನಿದ್ದೆಗೆಡುವ ಕಾರಣವೇ ಇರಲಿಲ್ಲ.

ಬೆಲೆ ಇಳಿಯುವುದು ಹೇಗೆ

ಒಪ್ಪಂದದಲ್ಲಿ ಮೂರು ನಾಲ್ಕು ವರ್ಷ ಬಾಕಿ ಇದ್ದಾಗ ಮಾರುವವನ ಮಾತೇ ನಡೆಯುತ್ತದೆ. ಎರಡು ವರ್ಷ ಬಾಕಿ ಇರುವಾಗ ಚೌಕಾಸಿ ಶುರು. ಒಂದೇ ವರ್ಷ ಉಳಿದಾಗ ಕೊಳ್ಳುವವನ ಕೈ ಮೇಲಾಗುತ್ತದೆ. ‘ಕೊಡದಿದ್ದರೆ ಬಿಡಿ, ಮುಂದಿನ ಬೇಸಿಗೆಗೆ ಬಿಟ್ಟಿ ಸಿಗುತ್ತಾನೆ’ ಎನ್ನಬಹುದು. ಕೊನೆಯ ಆರು ತಿಂಗಳಿನದು ಇನ್ನೂ ಕಷ್ಟ. ಫಿಫಾ ನಿಯಮದ ಪ್ರಕಾರ ಆ ಅವಧಿಯಲ್ಲಿ ಆಟಗಾರ ಬೇರೆ ಕ್ಲಬ್ಬಿನ ಜೊತೆ ಮುಂದಿನ ವರ್ಷಕ್ಕೆ ಈಗಲೇ ಸಹಿ ಹಾಕಬಹುದು. ಯುರೋಪಿನ ಬಹುತೇಕ ಒಪ್ಪಂದಗಳು ಜೂನ್ 30ಕ್ಕೆ ಮುಗಿಯುವುದರಿಂದ ಜನವರಿ 1 ಎಂಬುದು ಕ್ಲಬ್ಬುಗಳಿಗೆ ಹೊಸ ವರ್ಷದ ಹಬ್ಬವೇನಲ್ಲ. ಟಾಟನ್‌ಹ್ಯಾಮ್‌ನ ಕ್ರಿಶ್ಚಿಯನ್ ಎರಿಕ್ಸನ್ 2020ರ ಜನವರಿಯಲ್ಲಿ, ಒಪ್ಪಂದದಲ್ಲಿ ಆರು ತಿಂಗಳು ಉಳಿದಿದ್ದಾಗ, ಇಂಟರ್ ಮಿಲಾನ್‌ಗೆ ಹೋದದ್ದು ಸುಮಾರು 2 ಕೋಟಿ ಯೂರೋಗೆ. ಆಗ ಅವರು ಯುರೋಪಿನ ಒಳ್ಳೆಯ ಮಿಡ್‌ಫೀಲ್ಡರ್‌ಗಳ ಸಾಲಿನಲ್ಲಿದ್ದರು.

ಕಾದರೆ ಬಿಟ್ಟಿ ಸಿಗುವವನಿಗೆ ಯಾರಾದರೂ ಈಗಲೇ ಹಣ ಯಾಕೆ ಕೊಡುತ್ತಾರೆ? ಮುಖ್ಯವಾಗಿ ಪೈಪೋಟಿಯ ಭಯಕ್ಕೆ. ಕಾದು ಕೂತರೆ ಅಷ್ಟರಲ್ಲಿ ಇನ್ನೊಬ್ಬರು ಹಾರಿಸಿಕೊಂಡು ಹೋಗಬಹುದು. ಇನ್ನೊಂದು ಕಾರಣ, ಒಂದು ವರ್ಷದ ಆಟಕ್ಕೂ ಬೆಲೆಯಿದೆ. 2019ರಲ್ಲಿ ಈಡನ್ ಹಜಾರ್ಡ್ ಒಪ್ಪಂದದಲ್ಲಿ ಒಂದೇ ವರ್ಷ ಬಾಕಿಯಿದ್ದರೂ ರಿಯಲ್ ಮ್ಯಾಡ್ರಿಡ್ ಚೆಲ್ಸಿಗೆ ಸುಮಾರು 10 ಕೋಟಿ ಯೂರೋ ತೆತ್ತಿತು. ಅವಸರವಿದ್ದವನಿಗೆ ರಿಯಾಯಿತಿ ಸಿಗುವುದಿಲ್ಲ. (ಹಜಾರ್ಡ್ ಅಲ್ಲಿ ಗಾಯದಿಂದ ಗಾಯಕ್ಕೆ ಬಿದ್ದು ಹೆಚ್ಚು ಆಡಲೇ ಇಲ್ಲ, ಅದು ಬೇರೆ ಮಾತು.)

ಇನ್ನು ‘ಫ್ರೀ’ ಎನ್ನುವುದೂ ಹೆಸರಿಗಷ್ಟೇ. ಕ್ಲಬ್ಬಿಗೆ ಕೊಡಬೇಕಿದ್ದ ಶುಲ್ಕದ ದೊಡ್ಡ ಪಾಲು ಆಟಗಾರನ ಸಹಿ ಬೋನಸ್ಸಿಗೂ ಹೆಚ್ಚಿನ ಸಂಬಳಕ್ಕೂ ಏಜೆಂಟರ ಕಮಿಷನ್ನಿಗೂ ಹೋಗುತ್ತದೆ. ಉಳಿತಾಯವಾಗುವುದು ಇದ್ದರೂ ಹಣ ಕೈ ಬದಲಾಯಿಸುವುದೇ ಜಾಸ್ತಿ. ಆಟಗಾರರು ಕೊನೆಯ ವರ್ಷದವರೆಗೆ ಹೊಸ ಒಪ್ಪಂದಕ್ಕೆ ಸಹಿ ಹಾಕದೆ ಎಳೆಯುವುದೂ ಇದೇ ಕಾರಣಕ್ಕೆ. ಅದರಲ್ಲಿ ಅಪಾಯವೂ ಇದೆ. ಆ ವರ್ಷ ಮೊಣಕಾಲು ಮುರಿದುಕೊಂಡರೆ ಯಾವ ಬೋನಸ್ಸೂ ಕಾದಿರುವುದಿಲ್ಲ.

ಲೆಕ್ಕಪುಸ್ತಕದ ಒಳಗೆ

ಇಲ್ಲಿ ಸ್ವಲ್ಪ ಅಕೌಂಟೆನ್ಸಿ ಬೇಕಾಗುತ್ತದೆ. ಗೇಹಿ ಅವರನ್ನೇ ಉದಾಹರಣೆಗೆ ಇಟ್ಟುಕೊಳ್ಳೋಣ. 2021ರಲ್ಲಿ ಪ್ಯಾಲೆಸ್ ಅವರನ್ನು ಚೆಲ್ಸಿಯಿಂದ ಸುಮಾರು 1.8 ಕೋಟಿ ಪೌಂಡ್‌ಗೆ ಕೊಂಡಿತು, ಒಪ್ಪಂದ 5 ವರ್ಷದ್ದು. ಕ್ಲಬ್ ಈ ಇಡೀ ಮೊತ್ತವನ್ನು ಮೊದಲ ವರ್ಷದ ಖರ್ಚು ಎಂದು ಬರೆದುಕೊಳ್ಳುವುದಿಲ್ಲ. ಒಪ್ಪಂದದ ವರ್ಷಗಳಿಗೆ ಹಂಚಿ, ವರ್ಷಕ್ಕೆ 36 ಲಕ್ಷ ಪೌಂಡ್‌ನಂತೆ ಕಳೆಯುತ್ತಾ ಹೋಗುತ್ತದೆ. ನಾಲ್ಕು ವರ್ಷ ಕಳೆದ 2025ರ ಬೇಸಿಗೆಯಲ್ಲಿ ಪುಸ್ತಕದಲ್ಲಿ ಅವರ ಬೆಲೆ ಕೇವಲ 36 ಲಕ್ಷ. ಆಗ 3.5 ಕೋಟಿಗೆ ಮಾರಿದ್ದರೆ ಕಾಗದದ ಮೇಲೆ 3 ಕೋಟಿಗೂ ಹೆಚ್ಚು ಲಾಭ. ಬಿಟ್ಟಿ ಹೋದರೆ? ಪುಸ್ತಕದಲ್ಲಿ ನಷ್ಟವೂ ಇಲ್ಲ, ಲಾಭವೂ ಇಲ್ಲ, ಬೆಲೆ ತನ್ನಷ್ಟಕ್ಕೆ ಸೊನ್ನೆಗೆ ಬಂದು ನಿಂತಿರುತ್ತದೆ. ಅಂದರೆ ಬಿಟ್ಟಿ ಹೋದ ಆಟಗಾರನಿಂದ ಆಗುವ ಹಾನಿ ಬ್ಯಾಲೆನ್ಸ್ ಶೀಟಿನಲ್ಲಿ ಕಾಣುವುದೇ ಇಲ್ಲ. ಅದು ಕಾಣುವುದು ಮುಂದಿನ ಬೇಸಿಗೆಯಲ್ಲಿ, ಅದೇ ಜಾಗಕ್ಕೆ ಹೊಸಬನನ್ನು ಕೊಳ್ಳಲು ಹೊರಟಾಗ.

ಕ್ಲಬ್ಬಿನ ಅಕಾಡೆಮಿಯಲ್ಲೇ ಬೆಳೆದ ಹುಡುಗನಿಗೆ ಕೊಟ್ಟ ಶುಲ್ಕ ಸೊನ್ನೆ, ಹಾಗಾಗಿ ಪುಸ್ತಕದಲ್ಲಿ ಅವನ ಬೆಲೆ ಮೊದಲಿಂದಲೂ ಸೊನ್ನೆ. ಅವನನ್ನು ಮಾರಿದರೆ ಬಂದದ್ದೆಲ್ಲ ಶುದ್ಧ ಲಾಭ. ಊರ ಹುಡುಗರನ್ನೇ ಕ್ಲಬ್ಬುಗಳು ಮೊದಲು ಮಾರುತ್ತವೆ ಎಂದು ಅಭಿಮಾನಿಗಳು ಗೊಣಗುವುದರ ಹಿಂದೆ ಈ ಲೆಕ್ಕವಿದೆ.

ಈ ಲಾಭ-ನಷ್ಟ ಬರೀ ಕಾಗದದ್ದಲ್ಲವೇ ಎಂದರೆ, ಇಂಗ್ಲೆಂಡಿನ ಅಗ್ರ ದರ್ಜೆಯಾದ ಪ್ರೀಮಿಯರ್ ಲೀಗ್‌ನಲ್ಲಿ ಅದು ಅಂಕಪಟ್ಟಿಗೂ ತಟ್ಟುತ್ತದೆ. ಅಲ್ಲಿ ಒಂದು ಕ್ಲಬ್ ಮೂರು ವರ್ಷದಲ್ಲಿ ತೋರಿಸಬಹುದಾದ ನಷ್ಟಕ್ಕೆ ಮಿತಿ ಹಾಕಿದ್ದರು, ಹೆಚ್ಚೆಂದರೆ 10.5 ಕೋಟಿ ಪೌಂಡ್. ಎರಡನೇ ದರ್ಜೆಯಿಂದ ಆಗಷ್ಟೇ ಮೇಲೆ ಬಂದಿದ್ದ ನಾಟಿಂಗ್‌ಹ್ಯಾಮ್ ಫಾರೆಸ್ಟ್‌ಗೆ ಈ ಮಿತಿ ಇನ್ನೂ ಕಡಿಮೆ, 6.1 ಕೋಟಿ. ಫಾರೆಸ್ಟ್ ಆ ಗೆರೆ ದಾಟಿತ್ತು. ಅಕಾಡೆಮಿಯಲ್ಲಿ ಬೆಳೆದ ಬ್ರೆನನ್ ಜಾನ್ಸನ್ ಅವರನ್ನು 2023ರ ಜೂನ್ 30ರೊಳಗೆ ಮಾರಿದ್ದರೆ ಲೆಕ್ಕ ಬಹುಮಟ್ಟಿಗೆ ಸರಿಹೋಗುತ್ತಿತ್ತು. ಕಾದರೆ ಹೆಚ್ಚು ಬೆಲೆ ಬರುತ್ತದೆಂದು ಕಾದು, ಸೆಪ್ಟೆಂಬರ್ 1ರಂದು ಟಾಟನ್‌ಹ್ಯಾಮ್‌ಗೆ ಸುಮಾರು 4.75 ಕೋಟಿ ಪೌಂಡ್‌ಗೆ ಮಾರಿದರು. ಬೆಲೆ ನಿಜಕ್ಕೂ ಚೆನ್ನಾಗಿ ಬಂತು. ಆದರೆ ಹಣಕಾಸು ವರ್ಷ ದಾಟಿಹೋಗಿತ್ತು. ಕಾದದ್ದೇ ಜಾಣತನ ಎಂಬ ಫಾರೆಸ್ಟ್ ವಾದವನ್ನು ವಿಚಾರಣಾ ಆಯೋಗ ಒಪ್ಪಲಿಲ್ಲ. 2024ರ ಮಾರ್ಚ್‌ನಲ್ಲಿ ತಂಡದ 4 ಅಂಕ ಕತ್ತರಿಸಿತು.

ಉಳಿಸಿಕೊಂಡವರ ಕಥೆ: ಡಾರ್ಟ್‌ಮಂಡ್

ಹಣವೇ ಮುಖ್ಯವಾಗಿದ್ದರೆ ಎಲ್ಲರೂ ಒಂದು ವರ್ಷ ಮೊದಲೇ ಮಾರಿಬಿಡುತ್ತಿದ್ದರು. ಹಾಗಾಗುವುದಿಲ್ಲ. ಯಾಕೆ ಎಂದು ತಿಳಿಯಲು ರಾಬರ್ಟ್ ಲೆವಾಂಡೊವ್‌ಸ್ಕಿ ಅವರ ವೃತ್ತಿಜೀವನದಷ್ಟು ಒಳ್ಳೆಯ ಪಾಠ ಇನ್ನೊಂದಿಲ್ಲ. ಎರಡು ದೊಡ್ಡ ಕ್ಲಬ್ಬುಗಳು ಇದೇ ಆಟಗಾರನ ವಿಷಯದಲ್ಲಿ, ಒಪ್ಪಂದದ ಇದೇ ಹಂತದಲ್ಲಿ, ಒಂದಕ್ಕೊಂದು ತದ್ವಿರುದ್ಧ ತೀರ್ಮಾನ ಮಾಡಿದವು.

2010ರಲ್ಲಿ ಜರ್ಮನಿಯ ಬೊರುಸಿಯಾ ಡಾರ್ಟ್‌ಮಂಡ್ ಅವರನ್ನು ಪೋಲೆಂಡಿನ ಲೆಕ್ ಪೊಜ್ನಾನ್‌ನಿಂದ ಸುಮಾರು 45 ಲಕ್ಷ ಯೂರೋಗೆ ಕೊಂಡಿತು. 2013ರ ಏಪ್ರಿಲ್ ಹೊತ್ತಿಗೆ ಡಾರ್ಟ್‌ಮಂಡ್ ಯುರೋಪಿನ ಕ್ಲಬ್ಬುಗಳ ಅತಿ ದೊಡ್ಡ ಟೂರ್ನಿಯಾದ ಚಾಂಪಿಯನ್ಸ್ ಲೀಗ್‌ನ ಸೆಮಿಫೈನಲ್‌ನಲ್ಲಿತ್ತು. ರಿಯಲ್ ಮ್ಯಾಡ್ರಿಡ್ ವಿರುದ್ಧದ ಪಂದ್ಯಕ್ಕೆ ಒಂದು ದಿನ ಬಾಕಿಯಿರುವಾಗ, ತಂಡದ ಕಣ್ಮಣಿ ಮಾರಿಯೊ ಗೊಟ್ಜೆ ಅವರನ್ನು ಜರ್ಮನ್ ಲೀಗ್‌ನ ಎದುರಾಳಿ ಬಯರ್ನ್ ಮ್ಯೂನಿಕ್ ಎಗರಿಸಿಕೊಂಡ ಸುದ್ದಿ ಹೊರಬಿತ್ತು. ಗೊಟ್ಜೆ ಒಪ್ಪಂದದಲ್ಲಿ ಬಿಡುಗಡೆಯ ಷರತ್ತು ಇತ್ತು. 3.7 ಕೋಟಿ ಯೂರೋ ಕಟ್ಟಿದವರಿಗೆ ಡಾರ್ಟ್‌ಮಂಡ್ ಇಲ್ಲ ಎನ್ನುವಂತಿರಲಿಲ್ಲ. ಮರುದಿನ ಲೆವಾಂಡೊವ್‌ಸ್ಕಿ ರಿಯಲ್ ಮ್ಯಾಡ್ರಿಡ್‌ಗೆ ನಾಲ್ಕು ಗೋಲು ಹೊಡೆದರು, ಫಲಿತಾಂಶ 4–1. ಆ ವರ್ಷದ ಫೈನಲ್‌ನಲ್ಲಿ ಡಾರ್ಟ್‌ಮಂಡ್ ಸೋತದ್ದು ಅದೇ ಬಯರ್ನ್ ಎದುರು.

ಆ ಬೇಸಿಗೆಯಲ್ಲಿ ಲೆವಾಂಡೊವ್‌ಸ್ಕಿ ಒಪ್ಪಂದದಲ್ಲಿ ಉಳಿದದ್ದು ಒಂದೇ ವರ್ಷ. ಅವರಿಗೂ ಬಯರ್ನ್‌ಗೆ ಹೋಗುವ ಆಸೆ. ಡಾರ್ಟ್‌ಮಂಡ್ ಮಾರಲಿಲ್ಲ. ಬಿಟ್ಟಿ ಹೋಗುತ್ತಾರೆಂದು ಗೊತ್ತಿದ್ದೂ ಒಂದು ವರ್ಷ ಇಟ್ಟುಕೊಂಡಿತು. ಒಂದೇ ಬೇಸಿಗೆಯಲ್ಲಿ ಇಬ್ಬರನ್ನೂ ನೇರ ಎದುರಾಳಿಗೆ ಕೊಟ್ಟರೆ ತಂಡದ ಬೆನ್ನೆಲುಬೇ ಹೋಗುತ್ತದೆ ಎಂಬುದು ಅದರ ಹಿಂದಿನ ಸರಳ ಸತ್ಯ. 2014ರ ಜನವರಿ ಬರುತ್ತಿದ್ದಂತೆ ಲೆವಾಂಡೊವ್‌ಸ್ಕಿ ಬಯರ್ನ್ ಜೊತೆ ಮುಂದಿನ ವರ್ಷಕ್ಕೆ ಸಹಿ ಹಾಕಿದರು. ಆದರೂ ಉಳಿದ ತಿಂಗಳುಗಳಲ್ಲಿ ಆಟ ಬಿಗಿಯಾಗಿಯೇ ಇತ್ತು. 20 ಗೋಲು ಹೊಡೆದು ಜರ್ಮನ್ ಲೀಗ್‌ನ ಅಗ್ರ ಗೋಲುಗಾರರಾದರು. ಡಾರ್ಟ್‌ಮಂಡ್ ಎರಡನೇ ಸ್ಥಾನ ಪಡೆದು ಚಾಂಪಿಯನ್ಸ್ ಲೀಗ್‌ಗೆ ಮತ್ತೆ ಅರ್ಹತೆ ಗಳಿಸಿತು. ಬಿಟ್ಟುಕೊಟ್ಟ ಶುಲ್ಕವನ್ನು ಒಂದು ವರ್ಷದ ಬಾಡಿಗೆ ಎಂದು ನೋಡಿದರೆ ಅದು ದುಬಾರಿಯೇ, ಆದರೆ ಬೇಕೆಂದೇ ತೆತ್ತ ಬಾಡಿಗೆ.

ನಿಜವಾದ ಪೆಟ್ಟು ಬಿದ್ದದ್ದು ಮರುವರ್ಷ. ಲೆವಾಂಡೊವ್‌ಸ್ಕಿ ಇಲ್ಲದ ಡಾರ್ಟ್‌ಮಂಡ್ 2014–15ರ ಅರ್ಧ ಋತುವನ್ನು ಪಟ್ಟಿಯ ಕೆಳಭಾಗದಲ್ಲಿ ಕಳೆದು, ಹೇಗೋ ಎದ್ದು ಏಳನೇ ಸ್ಥಾನಕ್ಕೆ ಬಂತು.

ಇನ್ನೂ ಹತ್ತಿರದ ಉದಾಹರಣೆ ಲಿವರ್‌ಪೂಲ್. 2024–25ರಲ್ಲಿ ಮೊಹಮ್ಮದ್ ಸಲಾ, ವರ್ಜಿಲ್ ವ್ಯಾನ್ ಡೈಕ್, ಟ್ರೆಂಟ್ ಅಲೆಕ್ಸಾಂಡರ್-ಆರ್ನಾಲ್ಡ್, ಮೂವರ ಒಪ್ಪಂದವೂ ಒಟ್ಟಿಗೆ ಕೊನೆಯ ವರ್ಷಕ್ಕೆ ಬಂದಿತ್ತು. ಇದನ್ನು ಕ್ಲಬ್ಬಿನ ನಿರ್ಲಕ್ಷ್ಯ ಎನ್ನದೆ ಬೇರೆ ದಾರಿಯಿಲ್ಲ. ಆದರೂ ಯಾರನ್ನೂ ಮಾರಲಿಲ್ಲ, ಲೀಗ್ ಗೆದ್ದರು. ಸಲಾ ಮತ್ತು ವ್ಯಾನ್ ಡೈಕ್ ಏಪ್ರಿಲ್‌ನಲ್ಲಿ ಮತ್ತೆರಡು ವರ್ಷಕ್ಕೆ ಸಹಿ ಹಾಕಿದರು. ಲಿವರ್‌ಪೂಲ್‌ನಲ್ಲೇ ಹುಟ್ಟಿ ಬೆಳೆದ ಟ್ರೆಂಟ್ ರಿಯಲ್ ಮ್ಯಾಡ್ರಿಡ್‌ಗೆ ಹೊರಟರು, ತವರು ಮೈದಾನ ಆನ್‌ಫೀಲ್ಡ್‌ನಲ್ಲಿ ತಮ್ಮವರಿಂದಲೇ ಛೀಮಾರಿ ಹಾಕಿಸಿಕೊಂಡರು. ಜೂನ್ 30ರವರೆಗೆ ಕಾಯದೆ ಕ್ಲಬ್ ವಿಶ್ವಕಪ್‌ಗೆ ಅವರನ್ನು ಕರೆದೊಯ್ಯಲು ರಿಯಲ್ ಸುಮಾರು 1 ಕೋಟಿ ಯೂರೋ ಕೊಟ್ಟಿತೆಂದು ವರದಿಯಾಗಿದೆ. ಒಂದು ತಿಂಗಳ ಉಳಿಕೆ ಅವಧಿಗೂ ಬೆಲೆಯಿದೆ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

ಮಾರಿದವರ ಕಥೆ: ಬಯರ್ನ್ ಮತ್ತು ಟಾಟನ್‌ಹ್ಯಾಮ್

ಬಯರ್ನ್‌ನಲ್ಲಿ ಲೆವಾಂಡೊವ್‌ಸ್ಕಿ ಎಂಟು ಋತು ಆಡಿ 375 ಪಂದ್ಯಗಳಲ್ಲಿ 344 ಗೋಲು ಹೊಡೆದರು. ಬಿಟ್ಟಿ ಬಂದವರು! 2022ರ ಬೇಸಿಗೆಯಲ್ಲಿ ಅವರಿಗೆ 34 ತುಂಬುತ್ತಿತ್ತು, ಒಪ್ಪಂದದಲ್ಲಿ ಮತ್ತೆ ಒಂದೇ ವರ್ಷ. ತಾನು ಹೊರಡುವವನೆಂದು ಬಹಿರಂಗವಾಗಿಯೇ ಹೇಳಿಬಿಟ್ಟರು. ಹಿಂದಿನ ವರ್ಷವಷ್ಟೇ ಡೇವಿಡ್ ಅಲಾಬಾ ಬಿಟ್ಟಿಯಾಗಿ ರಿಯಲ್‌ಗೆ ಹೋಗಿದ್ದರು. ಈ ಸಲ ಬಯರ್ನ್ ಮಾರಿತು. ಬಾರ್ಸಿಲೋನಾ ಕೊಟ್ಟದ್ದು ಸುಮಾರು 4.5 ಕೋಟಿ ಯೂರೋ, ಜೊತೆಗೆ ಬೋನಸ್.

ಮೂವತ್ತನಾಲ್ಕರ ಹತ್ತಿರದ ಆಟಗಾರನಿಗೆ ಅಷ್ಟು ಬೆಲೆ ಸಿಕ್ಕಿದ್ದು ಕಾಗದದ ಮೇಲೆ ಭರ್ಜರಿ ವ್ಯಾಪಾರ. ಮೈದಾನದ ಮೇಲೆ ಏನಾಯಿತು? ಲೆವಾಂಡೊವ್‌ಸ್ಕಿ ಮೊದಲ ಋತುವಿನಲ್ಲೇ 23 ಗೋಲು ಹೊಡೆದು ಬಾರ್ಸಿಲೋನಾಕ್ಕೆ ಸ್ಪೇನ್ ಲೀಗ್ ಗೆದ್ದುಕೊಟ್ಟರು. ಬಯರ್ನ್ ಲಿವರ್‌ಪೂಲ್‌ನಿಂದ ತಂದ ಸಾದಿಯೊ ಮಾನೆ ಒಂದೇ ವರ್ಷದಲ್ಲಿ ಸೌದಿಗೆ ಹೊರಟುಹೋದರು. ಆ ವರ್ಷ ಬಯರ್ನ್ ಲೀಗ್ ಗೆದ್ದದ್ದು ಕೊನೆಯ ದಿನ, ಡಾರ್ಟ್‌ಮಂಡ್‌ಗೆ ಅಂಕದಲ್ಲಿ ಸಮನಾಗಿ, ಗೋಲು ಅಂತರದಿಂದ. ಹೊಸ ಸ್ಟ್ರೈಕರ್ ಇಲ್ಲದೆ ಆಗದು ಎಂದು 2023ರಲ್ಲಿ ಟಾಟನ್‌ಹ್ಯಾಮ್‌ನ ಹ್ಯಾರಿ ಕೇನ್ ಅವರಿಗೆ ಸುಮಾರು 10 ಕೋಟಿ ಯೂರೋ ಸುರಿಯಬೇಕಾಯಿತು.

ಕೇನ್ ಒಪ್ಪಂದದಲ್ಲೂ ಉಳಿದದ್ದು ಒಂದೇ ವರ್ಷ. ವಯಸ್ಸು 30. ಟಾಟನ್‌ಹ್ಯಾಮ್ ಪಾಲಿಗೆ 280 ಗೋಲಿನ ದಾಖಲೆಗಾರ, ಅಕಾಡೆಮಿಯಲ್ಲೇ ಬೆಳೆದವರು, ಹಾಗಾಗಿ ಬಂದ ಹಣ ಬಹುತೇಕ ಪೂರಾ ಲಾಭ. ಕೇನ್ ಇಲ್ಲದೆ ತಂಡ ಮುಳುಗುತ್ತದೆ ಎಂದವರೇ ಹೆಚ್ಚು. ಹಿಂದಿನ ವರ್ಷ ಕೇನ್ ಇದ್ದಾಗ ಎಂಟನೇ ಸ್ಥಾನದಲ್ಲಿದ್ದ ಟಾಟನ್‌ಹ್ಯಾಮ್ ಅವರಿಲ್ಲದ ವರ್ಷ ಐದನೆಯದಾಯಿತು. ಅತ್ತ ಕೇನ್ 36 ಗೋಲು ಹೊಡೆದರೂ ಬಯರ್ನ್ ಮೂರನೇ ಸ್ಥಾನಕ್ಕೆ ಕುಸಿಯಿತು. ಮಾರಿದ್ದು ಸರಿ, ಕೊಂಡದ್ದು ತಪ್ಪು ಎಂದು ಇದರಿಂದ ತೀರ್ಮಾನಿಸುವಂತಿಲ್ಲ. ಹನ್ನೊಂದು ಜನ ಆಡುವ ಆಟದಲ್ಲಿ ಒಬ್ಬನ ಬೆಲೆಯನ್ನು ಅಂಕಪಟ್ಟಿಯಿಂದ ಬೇರ್ಪಡಿಸಿ ತೆಗೆಯುವುದು ಅಷ್ಟು ಸುಲಭವಲ್ಲ.

ತಕ್ಕಡಿಯಲ್ಲಿ ಏನೇನು ಕೂರುತ್ತದೆ

ಮಾರಿದರೆ ಬರುವ ಶುಲ್ಕ, ಉಳಿಯುವ ಸಂಬಳ ಒಂದು ಕಡೆ. ಆ ಆಟಗಾರನಿಂದ ಈ ವರ್ಷ ಬರಬಹುದಾದ ಅಂಕ ಮತ್ತು ಬಹುಮಾನ ಇನ್ನೊಂದು ಕಡೆ. ಪ್ರೀಮಿಯರ್ ಲೀಗ್‌ನಲ್ಲಿ ಒಂದು ಸ್ಥಾನ ಮೇಲೇರಿದರೆ ಸುಮಾರು 30 ಲಕ್ಷ ಪೌಂಡ್ ಹೆಚ್ಚು ಸಿಗುತ್ತದೆ. ಚಾಂಪಿಯನ್ಸ್ ಲೀಗ್‌ನ ಮುಖ್ಯ ಹಂತಕ್ಕೆ ಕಾಲಿಟ್ಟರೆ ಸಾಕು, ಒಂದು ಪಂದ್ಯ ಗೆಲ್ಲದಿದ್ದರೂ ಸುಮಾರು 1.86 ಕೋಟಿ ಯೂರೋ ಖಾತ್ರಿ. ಆದ್ದರಿಂದ ಪಟ್ಟಿಯ ನಡುವಿನಲ್ಲಿ ತಣ್ಣಗಿರುವ ತಂಡಕ್ಕೆ ಮಾರುವುದೇ ಲಾಭವೆನಿಸುವಾಗ, ಚಾಂಪಿಯನ್ಸ್ ಲೀಗ್ ಹೊಸ್ತಿಲಲ್ಲಿರುವ ತಂಡಕ್ಕೂ ಕೆಳದರ್ಜೆಗೆ ಜಾರುವ ಭಯದಲ್ಲಿರುವ ತಂಡಕ್ಕೂ ಉಳಿಸಿಕೊಳ್ಳುವುದೇ ಸರಿಯೆನಿಸಬಹುದು.

ಆದರೆ ಇಷ್ಟೂ ಲೆಕ್ಕವನ್ನು ತಲೆಕೆಳಗು ಮಾಡುವುದು ಬದಲಿ ಆಟಗಾರ. ಶುಲ್ಕ ಬ್ಯಾಂಕಿನಲ್ಲಿ ಕೂತರೆ ಗೋಲು ಹೊಡೆಯುವುದಿಲ್ಲ. ಗೇಹಿ ವಿಷಯದಲ್ಲಿ ಪ್ಯಾಲೆಸ್ ಮಾರಲು ಸಿದ್ಧವೇ ಇತ್ತು. ಇಂಥ ಆಟಗಾರ ಬಿಟ್ಟಿ ಹೋದರೆ ನಮ್ಮಂಥ ಕ್ಲಬ್ಬಿಗೆ ಕಷ್ಟ ಎಂಬ ಅರ್ಥದ ಮಾತನ್ನು ಅಧ್ಯಕ್ಷ ಸ್ಟೀವ್ ಪ್ಯಾರಿಶ್ ಆಗಸ್ಟ್‌ನಲ್ಲೇ ಆಡಿದ್ದರು. ತಡೆದದ್ದು ಬದಲಿಯ ಕೊರತೆ. ಇದು ಹೊಸ ಕಥೆಯೂ ಅಲ್ಲ. 2017ರ ಆಗಸ್ಟ್ 31ರಂದು ಆರ್ಸನಲ್‌ನ ಅಲೆಕ್ಸಿಸ್ ಸ್ಯಾಂಚೆಜ್ ಸುಮಾರು 6 ಕೋಟಿ ಪೌಂಡ್‌ಗೆ ಮ್ಯಾಂಚೆಸ್ಟರ್ ಸಿಟಿಗೆ ಹೊರಟಿದ್ದರು. ಆರ್ಸನಲ್‌ಗೆ ಮೊನಾಕೊದ ಥಾಮಸ್ ಲೆಮಾರ್ ಸಿಗಲಿಲ್ಲ, ವ್ಯವಹಾರ ಬಿತ್ತು. ಮುಂದಿನ ಜನವರಿಯಲ್ಲಿ ಸ್ಯಾಂಚೆಜ್ ಮ್ಯಾಂಚೆಸ್ಟರ್ ಯುನೈಟೆಡ್‌ಗೆ ಹೋದಾಗ ಆರ್ಸನಲ್‌ಗೆ ಬಂದದ್ದು ಒಂದು ಪೈಸೆಯೂ ಅಲ್ಲ, ಹೆನ್ರಿಖ್ ಮಿಖಿತಾರ್ಯನ್ ಎಂಬ ಇನ್ನೊಬ್ಬ ಆಟಗಾರ. ಫುಟ್‌ಬಾಲ್‌ನಲ್ಲಿ ಅಪರೂಪವೆಂದೆನಲ್ಲ, ಆ ಅದಲು-ಬದಲು ಹೀಗೆ ಬೇರೆ ದಾರಿ ಮುಚ್ಚಿದಾಗ ನಡೆಯುತ್ತದೆ.

ಪ್ಯಾಲೆಸ್ ಪಾಲಿಗೆ ಆ ನಾಲ್ಕೂವರೆ ತಿಂಗಳಿಗೆ ತೆತ್ತ 1.5 ಕೋಟಿ ಪೌಂಡ್ ದುಂದು ಎಂದು ನನಗನಿಸುವುದಿಲ್ಲ. 2025ರ ಮೇ ತಿಂಗಳಲ್ಲಿ ಎಫ್‌ಎ ಕಪ್ ಗೆದ್ದು ಯುರೋಪಿನ ಟೂರ್ನಿಗೆ ಬಂದಿದ್ದ ತಂಡ ಅದು. ಋತುವಿನ ಆರಂಭದಲ್ಲೇ ನಾಯಕನನ್ನು ಕಳೆದುಕೊಂಡಿದ್ದರೆ ಆಗುವ ನಷ್ಟ ಬೇರೆ ಬಗೆಯದು. ಹಾಗಂತ ಜನವರಿಯ ಮಾರಾಟವೂ ಸಲೀಸಾಗಿ ನಡೆಯಲಿಲ್ಲ. ಪಂದ್ಯದ ಮುನ್ನಾದಿನ ನಾಯಕನನ್ನು ಮಾರಿದ್ದಕ್ಕೆ ಕೋಚ್ ಆಲಿವರ್ ಗ್ಲಾಸ್ನರ್ ಬಹಿರಂಗವಾಗಿ ಸಿಡಿಮಿಡಿಗೊಂಡರು. ಕೋಚ್‌ಗೆ ಶನಿವಾರದ ಪಂದ್ಯ ಮುಖ್ಯ, ಅಧ್ಯಕ್ಷರಿಗೆ ಮುಂದಿನ ಮೂರು ವರ್ಷದ ಬಜೆಟ್. ಎರಡೂ ತಪ್ಪಲ್ಲ.

ಪ್ಯಾಲೆಸ್ ಎಡವಿದ್ದು ಎಲ್ಲಾದರೂ ಇದ್ದರೆ ಅದು ಸೆಪ್ಟೆಂಬರ್ 1ರಂದಲ್ಲ, ಅದಕ್ಕೂ ಒಂದು ವರ್ಷ ಮುಂಚೆ. ಎರಡು ವರ್ಷ ಬಾಕಿಯಿರುವಾಗಲೇ ಹೊಸ ಒಪ್ಪಂದಕ್ಕೆ ಕೂರಿಸಬೇಕು, ಒಲ್ಲೆ ಎಂದರೆ ಆಗಲೇ ಬದಲಿ ಹುಡುಕಿ ಮಾರಬೇಕು. ಕೊನೆಯ ವರ್ಷಕ್ಕೆ ಬಂದ ಮೇಲೆ ಉಳಿಯುವುದು ಯಾವ ನಷ್ಟ ಕಡಿಮೆ ಎಂಬ ಆಯ್ಕೆ ಮಾತ್ರ.

ಆಟಗಾರ ಒಲ್ಲೆ ಎಂದರೆ

ಮಾರಲು ಕ್ಲಬ್ ಸಿದ್ಧ, ಕೊಳ್ಳಲು ಇನ್ನೊಂದು ಸಿದ್ಧ, ಆದರೂ ಏನೂ ಆಗದೆ ಹೋದ ಅತಿ ದೊಡ್ಡ ಉದಾಹರಣೆ ಕಿಲಿಯನ್ ಎಂಬಾಪೆ. 2023ರ ಜೂನ್‌ನಲ್ಲಿ ಅವರು 2024ರ ನಂತರ ಒಪ್ಪಂದ ಮುಂದುವರಿಸುವುದಿಲ್ಲ ಎಂದು ತಮ್ಮ ಕ್ಲಬ್, ಪ್ಯಾರಿಸ್‌ನ ಪಿಎಸ್‌ಜಿಗೆ ಪತ್ರ ಬರೆದರು. ಸುಮಾರು 18 ಕೋಟಿ ಯೂರೋ ಕೊಟ್ಟು ತಂದ ಆಟಗಾರ ಬಿಟ್ಟಿ ಹೋಗುವುದೇ? ಕ್ಲಬ್ ಅವರನ್ನು ಜಪಾನ್ ಪ್ರವಾಸದಿಂದ ಕೈಬಿಟ್ಟಿತು. ಸೌದಿಯ ಅಲ್ ಹಿಲಾಲ್ 30 ಕೋಟಿ ಯೂರೋ ಕೊಡಲು ಮುಂದೆ ಬಂದಾಗ ಪಿಎಸ್‌ಜಿ ಮಾತುಕತೆಗೆ ಅನುಮತಿಯನ್ನೂ ಕೊಟ್ಟಿತು. ಎಂಬಾಪೆ ಸೌದಿಯವರನ್ನು ಭೇಟಿಯಾಗಲೇ ಇಲ್ಲ. ಋತುವಿನ ಮೊದಲ ಪಂದ್ಯಕ್ಕೂ ಅವರನ್ನು ಹೊರಗಿಟ್ಟು ನೋಡಿದರು, ಆಮೇಲೆ ವಾಪಸ್ ಕರೆದುಕೊಂಡರು. ಗೋಲು ಬೇಕಿತ್ತಲ್ಲ. 2024ರ ಬೇಸಿಗೆಯಲ್ಲಿ ಅವರು ಶುಲ್ಕವಿಲ್ಲದೆ ರಿಯಲ್ ಮ್ಯಾಡ್ರಿಡ್ ಸೇರಿದರು. ಅವರಿಲ್ಲದ ಮೊದಲ ವರ್ಷವೇ ಪಿಎಸ್‌ಜಿ ಇಂಟರ್ ಮಿಲಾನ್ ವಿರುದ್ಧ 5–0 ಗೆದ್ದು ತನ್ನ ಮೊದಲ ಚಾಂಪಿಯನ್ಸ್ ಲೀಗ್ ಎತ್ತಿಕೊಂಡಿತು. ಇದನ್ನು ಯಾವ ತಕ್ಕಡಿಯೂ ಮೊದಲೇ ತೂಗಿರಲಿಲ್ಲ.

ಈ ಲೆಕ್ಕದಲ್ಲಿ ಕಾಣದೆ ಸೊರಗುವವರು ಇನ್ನೊಬ್ಬರಿದ್ದಾರೆ. ಆಟಗಾರ ಒಪ್ಪಂದದ ನಡುವೆ ಒಂದು ದೇಶದಿಂದ ಇನ್ನೊಂದಕ್ಕೆ ಮಾರಾಟವಾದರೆ, ಶುಲ್ಕದ 5 ಶೇಕಡಾವನ್ನು ಅವನನ್ನು 12ರಿಂದ 23ನೇ ವಯಸ್ಸಿನ ನಡುವೆ ತಯಾರು ಮಾಡಿದ ಕ್ಲಬ್ಬುಗಳಿಗೆ ಹಂಚಬೇಕು ಎಂದು ಫಿಫಾ ನಿಯಮವಿದೆ. ದೊಡ್ಡ ಮಾರಾಟವಾದರೆ ಎಲ್ಲೋ ಮೂಲೆಯ ಸಣ್ಣ ಕ್ಲಬ್ಬಿನ ಮೈದಾನಕ್ಕೆ ಹುಲ್ಲು ಹಾಸುವಷ್ಟು ಹಣ ಬರುತ್ತದೆ. ಬಿಟ್ಟಿ ಹೋದರೆ ಸೊನ್ನೆಯ 5 ಶೇಕಡಾ ಸೊನ್ನೆಯೇ.

ನಿಯಮವೇ ಬದಲಾದರೆ

ಒಪ್ಪಂದದ ನಡುವೆ ಆಟಗಾರ ತಾನೇ ಎದ್ದು ಹೋದರೆ ಏನಾಗುತ್ತದೆ ಎಂಬ ಪ್ರಶ್ನೆ ಈಗ ಮತ್ತೆ ಎದ್ದಿದೆ. ಫ್ರಾನ್ಸಿನ ಮಾಜಿ ಮಿಡ್‌ಫೀಲ್ಡರ್ ಲಸಾನಾ ಡಿಯಾರಾ ಅವರಿಗೂ ಲೊಕೊಮೊಟಿವ್ ಮಾಸ್ಕೊ ಕ್ಲಬ್ಬಿಗೂ 2014ರಲ್ಲಿ ಜಗಳವಾಗಿ ಒಪ್ಪಂದ ಮುರಿಯಿತು. ಡಿಯಾರಾ 1.05 ಕೋಟಿ ಯೂರೋ ಪರಿಹಾರ ಕಟ್ಟಬೇಕೆಂದು ತೀರ್ಪಾಯಿತು. ಅವರನ್ನು ಸೇರಿಸಿಕೊಳ್ಳುವ ಕ್ಲಬ್ಬೂ ಆ ಸಾಲಕ್ಕೆ ಜವಾಬ್ದಾರನಾಗುವ ನಿಯಮವಿದ್ದುದರಿಂದ ಬೆಲ್ಜಿಯಂನ ಶಾರ್ಲೆರುವಾ ಹಿಂಜರಿಯಿತು. 2024ರ ಅಕ್ಟೋಬರ್ 4ರಂದು ಯುರೋಪಿನ ನ್ಯಾಯಾಲಯ, ಫಿಫಾದ ಈ ಕೆಲವು ನಿಯಮಗಳು ಯುರೋಪಿಯನ್ ಒಕ್ಕೂಟದ ಕಾನೂನಿಗೆ ವಿರುದ್ಧ ಎಂದಿತು. ಫಿಫಾ ತಾತ್ಕಾಲಿಕ ನಿಯಮಗಳನ್ನು ತಂದಿದೆ, ವಾದ ಮುಗಿದಿಲ್ಲ. ಪರಿಹಾರ ಕಟ್ಟಿ ಹೊರಡುವುದು ಶುಲ್ಕಕ್ಕಿಂತ ಅಗ್ಗವಾಗುವ ದಿನ ಬಂದರೆ, ಮೂರು ವರ್ಷ ಬಾಕಿಯಿರುವ ಒಪ್ಪಂದದ ಮುಂದೆಯೂ ಕ್ಲಬ್ಬುಗಳು ಈಗ ಕೊನೆಯ ವರ್ಷದಲ್ಲಿ ಕೂರುವಂತೆ ಕೂರಬೇಕಾಗುತ್ತದೆ.